ಕಾಸೋಸಿನಿಂದ ಕಾರ್ಪಥೋಸಿಗೆ ಐದು ನಿಮಿಷ

ಫ್ರಂಗೂಲಿಸನಿಗೆ ‘ಇಲ್ಲ’ ಅನ್ನುವ ಮಾತು ಬಾಯಿಗೆ ಬರುತ್ತಿರಲಿಲ್ಲ. ಕಾಸೋಸ್ ದ್ವೀಪದ ಅಂಚೆ ಕಚೇರಿಗೆ ಅವನೇ ಮಾಸ್ತರ, ಅವನೇ ಗುಮಾಸ್ತ, ಮನೆಮನೆಗೆ ಕಾಗದ ಹಂಚುವವನೂ ಅವನೇ. ಬಾಗಿಲು ಹಾಕಿ ಬೀಗ ಜಡಿದ ಮೇಲೆ ಯಾರಾದರೂ ಬಂದು ‘ಇದೊಂದು ಪಾರ್ಸೆಲ್ ತಗೊಳ್ಳಪ್ಪ’ ಎಂದರೆ ಮತ್ತೆ ಬೀಗ ತೆಗೆಯುವನು. ಯಾರೋ ಪರಊರಿಗೆ ಹೋಗುವಾಗ ‘ನಾಲ್ಕು ದಿನ ನೋಡಿಕೋ’ ಎಂದು ಬಿಟ್ಟುಹೋದ ಕತ್ತೆಯನ್ನು ಎರಡು ವರ್ಷ ಸಾಕಿದವನು. ಹೌದು ಎನ್ನುವುದು ಅವನಿಗೆ ಉಸಿರಾಡಿದಷ್ಟು ಸಲೀಸು. ಆ ಸಲೀಸಾದ ಮಾತನ್ನು ಅವನು ಜುಲೈ ತಿಂಗಳ ಒಂದೇ ವಾರದಲ್ಲಿ, ಒಂದೇ ಕೂಸಿನ ವಿಚಾರವಾಗಿ, ಇಬ್ಬರು ಅಜ್ಜಿಯರಿಗೆ ಹೇಳಿಬಿಟ್ಟ.

ಕೂಸು ಅವನ ಬಾಲ್ಯದ ಗೆಳೆಯ ನಿಕಿತಾಸನದು. ನಿಕಿತಾಸ್ ಕಾಸೋಸಿನವನೇ, ಹೆಂಡತಿ ಪೋಥಿತಿ ಪಕ್ಕದ ಕಾರ್ಪಥೋಸ್ ದ್ವೀಪದವಳು, ಸಂಸಾರವೂ ಅಲ್ಲೇ. ನಮ್ಮ ದ್ವೀಪಗಳಲ್ಲಿ ಕೂಸಿಗೆ ಹೆಸರು ಕೊಡುವವರು ಅಪ್ಪ ಅಮ್ಮ ಅಲ್ಲ. ಜ್ಞಾನಸ್ನಾನದ ದಿನ ಪಾದ್ರಿ ‘ಹೆಸರೇನು?’ ಎಂದು ಕೇಳಿದಾಗ ಅದಕ್ಕೆಂದು ಮನೆಯವರು ಆರಿಸಿ ನಿಲ್ಲಿಸಿದ ಧರ್ಮತಂದೆ ಇಲ್ಲವೆ ಧರ್ಮತಾಯಿಯ ಬಾಯಿಂದ ಏನು ಬರುತ್ತದೋ ಅದೇ ಹೆಸರು. ಕೂಸು ನೀರಿನಲ್ಲಿ ಮುಳುಗಿ ಎದ್ದ ಮೇಲೆ ಸಾಕ್ಷಾತ್ ಬಿಷಪ್ಪರು ಬಂದರೂ ಅದನ್ನು ಬದಲಿಸಲಾಗದು.

ಮೊದಲ ಹೆಣ್ಣಿಗೆ ತಾಯಿಯ ತಾಯಿಯ ಹೆಸರು, ಎರಡನೆಯದಕ್ಕೆ ತಂದೆಯ ತಾಯಿಯ ಹೆಸರು, ಇದು ಪದ್ಧತಿ. ಆದರೆ ನಿಕಿತಾಸನ ಮೊದಲ ಮಗಳಿಗೆ ಧರ್ಮತಾಯಿಯಾಗಲು ಅಥೆನ್ಸಿನಿಂದ ಬಂದ ಹೆಂಗಸೊಬ್ಬಳು ಇಬ್ಬರು ಅಜ್ಜಿಯರನ್ನೂ ಬದಿಗೆ ಸರಿಸಿ, ಯಾವುದೋ ಟೀವಿ ಧಾರಾವಾಹಿಯ ನಾಯಕಿಯ ಹೆಸರಿಟ್ಟು, ಮರುದಿನದ ಹಡಗು ಹತ್ತಿ ಹೊರಟುಹೋಗಿದ್ದಳು. ಹೀಗಾಗಿ ಈಗ ಹುಟ್ಟಿದ ಎರಡನೆಯ ಮಗಳ ಮೇಲೆ ಇಬ್ಬರ ಹಕ್ಕು ಬಿತ್ತು. ‘ಹಿಂದಿನ ಸಲ ತಪ್ಪಿದ್ದು ನಂದು, ಈ ಸಲ ನನಗೇ ಬರಬೇಕು’ ಎನ್ನುವಳು ಪೋಥಿತಿಯ ತಾಯಿ ಸೆವಾಸ್ತಿ. ‘ಎರಡನೇದು ಯಾವತ್ತಿದ್ರೂ ಗಂಡಿನ ಕಡೇದು, ಹಿಂದಿನ ಸಲದ ಪುರಾಣ ನನಗೆ ಬೇಡ’ ಎನ್ನುವಳು ನಿಕಿತಾಸನ ತಾಯಿ ಮರೂಕ್ಲಾ. ಇಬ್ಬರೂ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಆದರೂ ಒಂದು ವಿಷಯದಲ್ಲಿ ಇಬ್ಬರದೂ ಒಂದೇ ಮನಸ್ಸು: ಈ ಸಲದ ಧರ್ಮತಂದೆ ಫ್ರಂಗೂಲಿಸನೇ ಆಗಬೇಕು. ಕಾರಣವೂ ಒಂದೇ. ಆ ಮನುಷ್ಯ ಇಲ್ಲವೆನ್ನುವವನಲ್ಲ.

ಮರೂಕ್ಲಮ್ಮ ಕಾಸೋಸಿನಲ್ಲಿ ಅವನ ಮನೆಯೊಡತಿ. ಇಪ್ಪತ್ತು ವರ್ಷದಿಂದ ಅವನು ಅವಳ ಮಾಳಿಗೆಯ ಕೋಣೆಯಲ್ಲಿದ್ದಾನೆ; ಜ್ವರ ಬಂದರೆ ಕಷಾಯ, ಭಾನುವಾರ ಬಂದರೆ ಊಟ, ಎಲ್ಲ ಅವಳದೇ. ಅವಳು ‘ನನ್ನ ಹೆಸರಿಡ್ತೀಯ ತಾನೇ?’ ಎಂದಾಗ ಅವನ ಬಾಯಲ್ಲಿ ಅವಳೇ ಮಾಡಿದ ತಿನಿಸಿತ್ತು. ತಲೆಯಾಡಿಸಿದ.

ಸೆವಾಸ್ತಮ್ಮನ ವಿಷಯ ಇನ್ನೂ ಸೂಕ್ಷ್ಮ. ಅವಳ ಕಿರಿಮಗಳು ಥೆಮೆಲಿನಾ ಕಾರ್ಪಥೋಸಿನ ಅಂಚೆ ಕಚೇರಿಯಲ್ಲಿದ್ದಾಳೆ. ದಿನಾ ಬೆಳಿಗ್ಗೆ ಫ್ರಂಗೂಲಿಸ್ ಫೋನು ಮಾಡಿ ‘ಚೀಲ ಬಂತಾ?’ ಎನ್ನುವನು. ‘ಬಂತು’ ಎನ್ನುವಳು ಅವಳು. ಏಳು ವರ್ಷದಿಂದ ಇವರ ಪ್ರೇಮ ಈ ಎರಡು ಮಾತಿನಲ್ಲಿ ನಡೆದಿತ್ತು. ಹೋದ ಈಸ್ಟರಿನಲ್ಲಿ ಮಾತ್ರ ಅವಳು ‘ಬಂತು’ ಎಂದಾದ ಮೇಲೆ ತುಸು ತಡೆದು, ‘ನೀವು ಅಮ್ಮನ ಹತ್ರ ಒಂದ್ಸಲ ಮಾತಾಡ್ಬಾರ್ದಾ?’ ಎಂದಿದ್ದಳು. ಧೈರ್ಯ ಬರಲು ಜುಲೈ ಬೇಕಾಯಿತು; ಅವನು ಮಾತಾಡಿದ. ಸೆವಾಸ್ತಮ್ಮ ಅಡ್ಡಗೋಡೆಯ ಮೇಲೆ ದೀಪವಿಡುವವಳಲ್ಲ. ‘ಕೂಸಿಗೆ ನನ್ನ ಹೆಸರಿಡಪ್ಪ. ಆಮೇಲೆ ಥೆಮೆಲಿನಾ ವಿಷಯ ಕೂತು ಮುಗಿಸೋಣ’ ಎಂದಳು. ಅವನು ಹೌದೆಂದ. ಅದು ಬರಿಯ ಬಾಯಿಮಾತಲ್ಲ, ಹೃದಯದಿಂದ ಬಂದದ್ದು.

ಇಬ್ಬರಿಗೂ ಮಾತು ಕೊಟ್ಟಾಯಿತು. ಯಾವುದನ್ನು ಮುರಿಯುವುದು ಎಂದು ಅವನು ಒಂದು ತಿಂಗಳು ಯೋಚಿಸಲೇ ಇಲ್ಲ, ಏಕೆಂದರೆ ಯೋಚಿಸಲು ಅವನಿಗೊಂದು ಜಾಗ ಗೊತ್ತಿತ್ತು. ಕಾಸೋಸಿನಿಂದ ಕಾರ್ಪಥೋಸಿಗೆ ಹಡಗಿನಲ್ಲಿ ಒಂದೂವರೆ ಗಂಟೆಯ ಪ್ರಯಾಣ. ಹಿಂಭಾಗದ ಬೆಂಚಿನಲ್ಲಿ ಕುಳಿತು ನೀರು ನೋಡುತ್ತಾ ಹೋದರೆ ಎಂಥ ಗಂಟಾದರೂ ಬಿಚ್ಚಿಕೊಳ್ಳುತ್ತದೆ ಎಂಬುದು ಅವನ ಅನುಭವ. ಅಂಚೆ ಪರೀಕ್ಷೆ ಕಟ್ಟುವುದೆಂದೂ ಮೀಸೆ ತೆಗೆಯುವುದೆಂದೂ ತೀರ್ಮಾನವಾದದ್ದು ಅದೇ ಬೆಂಚಿನಲ್ಲಿ.

ಜ್ಞಾನಸ್ನಾನದ ದಿನ ಬೆಳಿಗ್ಗೆ ಏಳಕ್ಕೆ ಮರೂಕ್ಲಮ್ಮ ಅವನ ಬಾಗಿಲು ಬಡಿದಳು. ಕಪ್ಪು ರೇಷ್ಮೆಯ ಉಡುಪು, ಕಿವಿಯಲ್ಲಿ ಬಂಗಾರ, ಸಿದ್ಧವಾಗಿ ನಿಂತಿದ್ದಳು.

“ಗಾಳಿ ನೋಡಿದ್ಯೇನೋ ಫ್ರಂಗೂಲಿ? ಹಡಗು ಬಿಡಲ್ವಂತೆ. ಬಂದರಿನೋರು ಹಗ್ಗ ಕಟ್ಟಿ ಕೂತಿದ್ದಾರೆ.”

ಅವನ ಎದೆ ಹಗುರಾಯಿತು. “ಅಯ್ಯೋ ಪಾಪ. ಹಾಗಾದ್ರೆ ಮುಂದಿನ ವಾರಕ್ಕೆ ಹಾಕ್ಕೊಳ್ಳೋಣ.”

“ಮುಂದಿನ ವಾರ ಯಾಕೆ? ವಿಮಾನ ಇದೆಯಲ್ಲ. ಎರಡು ಸೀಟು ಹೇಳಿಯಾಯ್ತು, ನಿನ್ನ ಪಕ್ಕ ನಾನೇ. ಹತ್ತೂಕಾಲಿಗೆ ಹತ್ತೋದು, ಹತ್ತೂ ಇಪ್ಪತ್ತಕ್ಕೆ ಇಳಿಯೋದು. ಐದು ನಿಮಿಷದ ದಾರಿ, ಅಷ್ಟಕ್ಕೆ ಯಾಕೆ ಮುಖ ಬಾಡಿಸ್ಕೊಂಡೆ?”

ಐದು ನಿಮಿಷದಲ್ಲಿ ಒಬ್ಬ ಮನುಷ್ಯ ಏನು ಮಾಡಬಹುದು? ಒಂದು ಮೊಟ್ಟೆ ಬೇಯಿಸಬಹುದು. ಇಬ್ಬರು ಅಜ್ಜಿಯರಲ್ಲಿ ಒಬ್ಬಳನ್ನು ಆರಿಸಲಾಗುವುದಿಲ್ಲ. ಫ್ರಂಗೂಲಿಸ್ ಇದನ್ನು ಹೇಳಬೇಕೆಂದು ಬಾಯಿ ತೆರೆದ. ಆದರೆ ಬಂದದ್ದು “ಹೌದು, ಸರಿ” ಎಂಬ ಮಾತು.

ನಮ್ಮ ಕಾಸೋಸಿನ ವಿಮಾನ ನಿಲ್ದಾಣ ಊರಿನ ಅಂಚಿನಲ್ಲೇ ಇದೆ, ಬೇಕರಿಯಿಂದ ನಡೆದರೆ ಹತ್ತು ನಿಮಿಷ. ವಿಮಾನಕ್ಕಿಂತ ನಿಲ್ದಾಣಕ್ಕೆ ಹೋಗುವುದೇ ದೂರದ ದಾರಿ. ಫ್ರಂಗೂಲಿಸ್ ಎದೆಯೆತ್ತರದ ಬಿಳಿ ಮೇಣದಬತ್ತಿಯನ್ನು ಬಗಲಲ್ಲಿ ಇರುಕಿಕೊಂಡು, ಕೂಸಿನ ಹೊಸ ಬಟ್ಟೆ, ಟವೆಲು, ಬಂಗಾರದ ಪುಟ್ಟ ಶಿಲುಬೆ, ಒಂದು ಬಾಟಲಿ ಆಲಿವ್ ಎಣ್ಣೆ ಇದ್ದ ಚೀಲ ಹೊತ್ತು ಬಂದ. ಧರ್ಮತಂದೆಯಾದವನು ತರಬೇಕಾದ ಸಾಮಾನು ಇವು. ದಾರಿಯಲ್ಲಿ ಸಿಕ್ಕವರೆಲ್ಲ ‘ಇದನ್ನ ನನ್ನ ತಂಗಿಗೆ ಕೊಡು’, ‘ಇದನ್ನ ನಾದಿನಿಗೆ ತಲುಪಿಸು’ ಎಂದು ಚೀಸು, ಒಣ ಮೀನು ತುರುಕಿದ್ದರಿಂದ ನಿಲ್ದಾಣ ತಲುಪುವಾಗ ಅವನು ಸಂತೆಯಿಂದ ಬಂದವನಂತಿದ್ದ.

ತಪಾಸಣೆಗೆ ನಿಂತವನು ಚಿಕ್ಕಪ್ಪನ ಮಗ ಲಾಂಬ್ರೋಸ್. ಎಣ್ಣೆ ಬಾಟಲಿ ಎತ್ತಿ ಹಿಡಿದ.

“ಇದು ಹೋಗಲ್ಲ ಅಣ್ಣ. ದ್ರವ ಪದಾರ್ಥ.”

“ಲಾಂಬ್ರೋ, ಇದು ಕೂಸಿಗೆ ಹಚ್ಚೋ ಎಣ್ಣೆ ಕಣೋ. ನಿಮ್ಮ ತೋಟದ್ದೇ, ನಿಮ್ಮಮ್ಮನೇ ಕೊಟ್ಟಿದ್ದು.”

“ಅಮ್ಮನ ಎಣ್ಣೆ ನನಗೆ ಗೊತ್ತಿಲ್ವಾ? ಆದ್ರೂ ನಿಯಮ ನಿಯಮ. ಮೇಣದಬತ್ತಿ ಬಿಡ್ತೀನಿ, ಅದಕ್ಕೆ ನಿಯಮದಲ್ಲಿ ಏನೂ ಬರೆದಿಲ್ಲ.” ಆಮೇಲೆ ಕಿವಿಯ ಹತ್ತಿರ ಬಗ್ಗಿ, “ಹೆಸರು ಯಾವುದು, ಮರೂಕ್ಲಮ್ಮಂದಾ, ಕಾರ್ಪಥೋಸಿನೋರದ್ದಾ? ಕಾಫಿ ಅಂಗಡೀಲಿ ಎಲ್ಲಾರೂ ಕೇಳ್ತಿದ್ದಾರೆ.”

“ನೋಡೋಣ,” ಎಂದ ಫ್ರಂಗೂಲಿಸ್. ಲಾಂಬ್ರೋಸ್ ನಕ್ಕು ಬಾಟಲಿಯನ್ನು ಮೇಜಿನ ಕೆಳಗಿಟ್ಟ. ಸಂಜೆ ಅವನಮ್ಮನ ಅಡುಗೆಮನೆಗೇ ಅದು ವಾಪಸಾಗುವುದರಲ್ಲಿ ಸಂಶಯವಿರಲಿಲ್ಲ.

ವಿಮಾನ ಎದ್ದಿತು. ಗಗನಸಖಿ ಸ್ವಾಗತದ ಮಾತು ಶುರುಮಾಡಿದಳು. ಅದನ್ನು ಗ್ರೀಕಿನಲ್ಲಿ ಹೇಳಿ ಮುಗಿಸಿ ಇಂಗ್ಲಿಷಿಗೆ ಬರುವಷ್ಟರಲ್ಲಿ ಸಾಮಾನ್ಯವಾಗಿ ಕಾರ್ಪಥೋಸ್ ಬಂದಿರುತ್ತದೆ. ಮರೂಕ್ಲಮ್ಮ ಅವನ ಮುಂಗೈ ಹಿಡಿದಳು.

“ಒಂದ್ಸಲ ಅಭ್ಯಾಸ ಮಾಡು. ನಾನು ಪಾದ್ರಿ ಅಂದ್ಕೋ. ಹೆಸರೇನು?”

“ಮರೂಕ್ಲಾ,” ಎಂದ ಅವನು, ಸಣ್ಣಗೆ.

“ಗಟ್ಟಿಯಾಗಿ ಹೇಳೋ. ಹಿಂದಿನ ಸಾಲಿಗೆ ಕೇಳ್ಬೇಕು. ಅಲ್ಲೇ ಕೂತಿರ್ತಾಳೆ ಅವಳು.”

ಕಿಟಕಿಯಲ್ಲಿ ಕಾರ್ಪಥೋಸಿನ ಬೆಟ್ಟ ದೊಡ್ಡದಾಗುತ್ತಾ ಬಂತು. ಆ ಬೆಟ್ಟದಾಚೆ ಮೆನೆತೆಸ್ ಊರಿನ ಇಗರ್ಜಿ, ಅದರ ಬಾಗಿಲಲ್ಲಿ ಸೆವಾಸ್ತಮ್ಮ, ಅವಳ ಹಿಂದೆ ಥೆಮೆಲಿನಾ. ಫ್ರಂಗೂಲಿಸ್ ಕಣ್ಣು ಮುಚ್ಚಿದ. ‘ಸಂತ ಮಾಮಾಸನೇ, ಇನ್ನು ಸ್ವಲ್ಪ ಹೊತ್ತು ಇಳಿಸಬೇಡಪ್ಪ’ ಎಂದು ಬೇಡಿಕೊಂಡ. ಸಂತ ಮಾಮಾಸ್ ನಮ್ಮ ಊರಿನವನು, ಒಳ್ಳೆಯವನು. ಆದರೆ ಸ್ವಲ್ಪ ಎಂದರೆ ಎಷ್ಟು ಎಂಬುದು ಅವನಿಗೆ ತಿಳಿಯದು.

ವಿಮಾನ ನೆಲದ ಹತ್ತಿರ ಬಂದಿತು, ಅಡ್ಡಡ್ಡ ತೂಗಿತು, ಗರ್ರೆಂದು ಮತ್ತೆ ಮೇಲೆದ್ದಿತು. ಒಂದು ಸುತ್ತು ಹೊಡೆದು ಇನ್ನೊಮ್ಮೆ ಇಳಿಯಲು ನೋಡಿತು, ಇನ್ನೊಮ್ಮೆ ಎದ್ದಿತು. ಮೇಣದಬತ್ತಿ ಮುಂದಿನ ಸೀಟಿನವನ ಕತ್ತಿಗೆ ತಿವಿಯಿತು. ಆಮೇಲೆ ಪೈಲಟನ ದನಿ ಕೇಳಿಸಿತು: ಕಾರ್ಪಥೋಸಿನಲ್ಲಿ ಅಡ್ಡಗಾಳಿ, ಇಳಿಯಲು ಸಾಧ್ಯವಿಲ್ಲ, ಆಚೆಯ ದೊಡ್ಡ ದ್ವೀಪ ರೋಡ್ಸ್‌ಗೆ ಹೋಗುತ್ತಿದ್ದೇವೆ.

“ಏನೋ ಗೊಣಗ್ತಿದ್ದೆಯಲ್ಲ ಆಗ?” ಮರೂಕ್ಲಮ್ಮ ಅವನತ್ತ ತಿರುಗಿದಳು.

“ಪ್ರಾರ್ಥನೆ.”

“ಏನಂತ?”

“ಇಳಿಸಬೇಡ ಅಂತ… ಅಂದ್ರೆ, ಬೀಳಿಸಬೇಡ ಅಂತ.”

ಮರೂಕ್ಲಮ್ಮ ಅವನನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬೆಲ್ಟು ಬಿಗಿ ಮಾಡಿಕೊಂಡಳು.

ರೋಡ್ಸ್‌ನ ನಿಲ್ದಾಣದಲ್ಲಿ ಬಣ್ಣಬಣ್ಣದ ಟೋಪಿಯ ಪ್ರವಾಸಿಗಳ ನಡುವೆ ಕಪ್ಪು ಸೂಟಿನ ಫ್ರಂಗೂಲಿಸ್ ಮೇಣದಬತ್ತಿ ಹಿಡಿದು ನಿಂತರೆ ಯಾರದೋ ಶವಯಾತ್ರೆಗೆ ದಾರಿತಪ್ಪಿ ಬಂದವನಂತೆ ಕಾಣುತ್ತಿದ್ದ. ಗಂಟೆ ಹನ್ನೊಂದೂವರೆ. ಹನ್ನೆರಡಕ್ಕೆ ಶಾಸ್ತ್ರ. ಫೋನು ಬಡಿದುಕೊಂಡಿತು.

“ಎಲ್ಲಿದ್ದೀಯಪ್ಪ?” ಸೆವಾಸ್ತಮ್ಮ.

“ರೋಡ್ಸ್‌ನಲ್ಲಿ.”

“ರೋಡ್ಸ್‌ನಲ್ಲಿ ನಿನಗೇನು ಕೆಲಸ? ಐದು ನಿಮಿಷದ ದಾರಿಗೆ ಯಾರಾದ್ರೂ ರೋಡ್ಸ್ ಮೇಲೆ ಬರ್ತಾರಾ?”

“ವಿಮಾನ ಇಳೀಲಿಲ್ಲ, ಸೆವಾಸ್ತಮ್ಮ. ಗಾಳಿ.”

“ನಮ್ಮಲ್ಲಿ ಗಾಳಿ ಏನು ಹೊಸದಾ? ಇರಲಿ. ಪಾದ್ರಿಗಳನ್ನ ಕೂರಿಸ್ತೀನಿ, ಕಾಫಿ ಕೊಡ್ತೀನಿ. ಮಾತು ನೆನಪಿದೆ ತಾನೇ? ನನ್ನ ಹೆಸರು.”

ಪಕ್ಕದಿಂದ ಮರೂಕ್ಲಮ್ಮ ತೋಳು ಜಗ್ಗಿದಳು. “ಯಾರದು, ನಿಕಿತಾಸಾ? ನನ್ನ ಹೆಸರೇ ಗಟ್ಟಿ ಅಂತ ಹೇಳು ಅವನಿಗೆ. ಹೇಳ್ತೀಯ ತಾನೇ?”

“ಹೌದು,” ಎಂದ ಫ್ರಂಗೂಲಿಸ್. ಒಂದೇ ಮಾತಿನಲ್ಲಿ ಇಬ್ಬರಿಗೂ ಸಮಾಧಾನವಾಯಿತು.

“ಥೆಮೆಲಿನಾ ನೀಲಿ ಬಟ್ಟೆ ಹಾಕ್ಕೊಂಡು ರಸ್ತೆ ನೋಡ್ತಾ ನಿಂತಿದ್ದಾಳೆ,” ಎಂದಳು ಸೆವಾಸ್ತಮ್ಮ ಫೋನಿಡುವ ಮುಂಚೆ. “ಬಿಸಿಲಲ್ಲಿ.”

ಆ ನೀಲಿ ಬಟ್ಟೆ ಕೆಲಸ ಮಾಡಿತು. ನಲವತ್ತಾರು ವರ್ಷದಲ್ಲಿ ಮೊದಲ ಬಾರಿಗೆ, ಹಡಗಿನ ಬೆಂಚಿಲ್ಲದೆ, ಕುಡಿಯುವ ನೀರಿನ ನಲ್ಲಿಯ ಪಕ್ಕ ನಿಂತು ಫ್ರಂಗೂಲಿಸ್ ಒಂದು ತೀರ್ಮಾನಕ್ಕೆ ಬಂದ. ಸೆವಾಸ್ತಿ. ಅಷ್ಟೆ. ಮಾಳಿಗೆಯ ಕೋಣೆ ಹೋದರೆ ಇನ್ನೊಂದು ಸಿಕ್ಕೀತು, ಥೆಮೆಲಿನಾ ಇನ್ನೊಬ್ಬಳು ಸಿಕ್ಕುವುದಿಲ್ಲ. ಇದನ್ನು ಮರೂಕ್ಲಮ್ಮನಿಗೆ ಈಗಲೇ ಮುಖಕ್ಕೆ ಮುಖ ಕೊಟ್ಟು ಹೇಳಿಬಿಡುವುದು ಮರ್ಯಾದೆ. ಮುಖ ತೊಳೆದುಕೊಂಡು ಅವಳ ಪಕ್ಕ ಬಂದು ಕುಳಿತ.

“ಮರೂಕ್ಲಮ್ಮ, ನಿಮ್ಮ ಹತ್ರ ಒಂದು ಮಾತು ಹೇಳ್ಬೇಕು.”

“ಮೊದ್ಲು ತಿನ್ನು. ಬೆಳಿಗ್ಗೆಯಿಂದ ಖಾಲಿ ಹೊಟ್ಟೆ.” ಅವಳು ಕೈಚೀಲದಿಂದ ಡಬ್ಬಿ ತೆಗೆದಳು. ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಕಿರುಬೆರಳಿನಷ್ಟು ಸಣ್ಣ ಅನ್ನದ ಸುರುಳಿಗಳು. ನಮ್ಮ ಕಾಸೋಸಿನಲ್ಲಿ ಅದನ್ನು ಅಷ್ಟು ಸಣ್ಣಗೆ ಸುತ್ತಲು ಬರದವಳನ್ನು ಹೆಂಗಸೆಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ. “ನಾಲ್ಕು ಗಂಟೆಗೆ ಎದ್ದು ಸುತ್ತಿದ್ದು. ನಿನಗೇ ಅಂತ.”

ಅವನು ಒಂದು ಬಾಯಿಗಿಟ್ಟ. ಮರೂಕ್ಲಮ್ಮ ಗಾಜಿನಾಚೆ ನಿಂತಿದ್ದ ವಿಮಾನವನ್ನು ನೋಡುತ್ತಾ, ಯಾವತ್ತೂ ಇಲ್ಲದ ಮೆತ್ತಗಿನ ದನಿಯಲ್ಲಿ ಹೇಳಿದಳು: “ನಾನು ಹಟಮಾರಿ ಅಂತ ಊರಲ್ಲಿ ಆಡ್ಕೋತಾರೆ, ಗೊತ್ತು. ಈ ಹೆಸರು ನನ್ನಜ್ಜಿದು ಕಣೋ. ನಾನು ಹೋದ್ಮೇಲೆ ನಮ್ಮನೆ ಅಂಗಳದಲ್ಲಿ ‘ಮರೂಕ್ಲಾ, ಬಾರೇ’ ಅಂತ ಯಾರನ್ನ ಕೂಗ್ತಾರೆ? ಹೆಸರು ಕೂಗೋರಿಲ್ಲದ ಮನೆ ಅದೆಂಥ ಮನೆ. ಈಗ ಹೇಳು, ಏನೋ ಹೇಳ್ಬೇಕು ಅಂದ್ಯಲ್ಲ.”

ಫ್ರಂಗೂಲಿಸ್ ಇನ್ನೊಂದು ಸುರುಳಿ ಬಾಯಿಗೆ ಹಾಕಿಕೊಂಡ. “ಚೆನ್ನಾಗಿದೆ,” ಎಂದ. “ಅದೇ ಹೇಳೋಣಾಂತಿದ್ದೆ.”

ಒಂದೂಮುಕ್ಕಾಲಿಗೆ ವಿಮಾನ ಮತ್ತೆ ಹೊರಟಿತು. ಕಾರ್ಪಥೋಸಿನ ಮೇಲೆ ಬಂದಾಗ ಗಾಳಿ ಇನ್ನೂ ಹಾಗೇ ಇತ್ತು. ಪೈಲಟ್ ಈ ಸಲ ಇಳಿಯುವ ಪ್ರಯತ್ನವನ್ನೂ ಮಾಡದೆ ಮುಂದಿನ ನಿಲ್ದಾಣಕ್ಕೆ ಹೊರಟ. ಮುಂದಿನ ನಿಲ್ದಾಣ ಕಾಸೋಸ್. ನಾಲ್ಕು ಗಂಟೆ ಆಕಾಶ ಭೂಮಿ ಸುತ್ತಿ ಫ್ರಂಗೂಲಿಸ್ ಬೇಕರಿಯಿಂದ ಹತ್ತು ನಿಮಿಷದ ದೂರದಲ್ಲಿ ಇಳಿದ.

“ಏನಣ್ಣ, ಇಷ್ಟು ಬೇಗ ಮುಗೀತಾ?” ಲಾಂಬ್ರೋಸ್ ಬಾಗಿಲಲ್ಲೇ ನಿಂತಿದ್ದ. “ಊಟ ಹಾಕಿದ್ರೋ ಇಲ್ಲ ಹಾಗೇ ಕಳಿಸಿದ್ರೋ?”

ಅಷ್ಟರಲ್ಲಿ ಸುದ್ದಿ ಮುಟ್ಟಿ ಕಾಫಿ ಅಂಗಡಿಯ ಅರ್ಧ ಜನ ನಿಲ್ದಾಣಕ್ಕೆ ಬಂದಿದ್ದರು. ಮರೂಕ್ಲಮ್ಮ ಒಳಗೆ ಕಾಲು ಚಾಚಿ ಮಲಗಿದಳು. ಹೊರಗೆ ಫ್ರಂಗೂಲಿಸನ ಸುತ್ತ ಸಭೆ ಸೇರಿತು. ಒಬ್ಬ ಚೀಟಿ ಎತ್ತು ಎಂದ. ಒಬ್ಬ, ಹೆಸರು ಹೇಳುವ ಹೊತ್ತಿಗೆ ಸರಿಯಾಗಿ ಕೆಮ್ಮಿಬಿಡು, ಪಾದ್ರಿ ಏನಾದರೂ ಬರೆದುಕೊಳ್ಳಲಿ ಎಂದ. ಮೀನುಗಾರನೊಬ್ಬ ಎರಡೂ ಹೆಸರು ಸೇರಿಸಿ ಇಡು ಎಂದ. ಇದು ಫ್ರಂಗೂಲಿಸನಿಗೆ ಹಿಡಿಸಿತು. ಎರಡೂ ಸೇರಿಸಿದರೆ ಎರಡೂ ಮಾತು ಉಳಿದಂತೆ. ಓಡಿ ಒಳಗೆ ಹೋದ.

“ಮರೂಕ್ಲಮ್ಮ, ಮರೂಕ್ಲಾ-ಸೆವಾಸ್ತಿ ಅಂತಿಟ್ರೆ ಹೇಗೆ?”

ಅವಳು ಕಣ್ಣು ತೆರೆಯದೆಯೇ ಉತ್ತರ ಕೊಟ್ಟಳು. “ಅರ್ಧ ಹೆಸರಿಟ್ಕೊಳ್ಳೋಕೆ ನಾನೇನು ಬಾಡಿಗೆಗೆ ಇದ್ದೀನಾ? ಬಾಡಿಗೆಗಿರೋನು ನೀನು.”

ಸೆವಾಸ್ತಮ್ಮನನ್ನಾದರೂ ಕೇಳೋಣವೆಂದು ಫೋನು ತೆಗೆದ. ಬೆಳಗಿನಿಂದ ಎರಡೂ ಕಡೆಯವರಿಗೆ ಹೌದು ಹೇಳಿ ಹೇಳಿ ಅದು ಸುಸ್ತಾಗಿ ಸತ್ತುಹೋಗಿತ್ತು. ಲಾಂಬ್ರೋಸನ ಚಾರ್ಜರು ಅದಕ್ಕೆ ಕೂರಲಿಲ್ಲ. ಬೇರೆಯವರ ಫೋನಿನಿಂದ ಮಾಡೋಣವೆಂದರೆ ಸೆವಾಸ್ತಮ್ಮನ ನಂಬರು ಇದ್ದದ್ದು ಆ ಸತ್ತ ಫೋನಿನಲ್ಲೇ. ಮರೂಕ್ಲಮ್ಮ ಫೋನು ಇಟ್ಟುಕೊಂಡವಳಲ್ಲ. ಹೀಗೆ ಮಧ್ಯಾಹ್ನ ಎರಡೂವರೆಯಿಂದ ಸಂಜೆ ಐದರವರೆಗೆ ಫ್ರಂಗೂಲಿಸ್ ಜಗತ್ತಿನ ಸಂಪರ್ಕವಿಲ್ಲದೆ ಒಂದು ಬೆಂಚಿನ ಮೇಲೆ ಕುಳಿತ. ಹಡಗಿನ ಬೆಂಚಲ್ಲದಿದ್ದರೂ ಬೆಂಚು ಬೆಂಚೇ. ನೀಲಿ ಬಟ್ಟೆ ಮತ್ತೆ ಕಣ್ಣಿಗೆ ಬಂತು. ಈ ಹೊತ್ತಿಗೆ ಅವಳು ಬಿಸಿಲಲ್ಲಿ ಐದು ಗಂಟೆ ನಿಂತಿದ್ದಾಳೆ. ಐದು ಗಂಟೆ ಬಿಸಿಲಲ್ಲಿ ನಿಂತವಳಿಗೆ ತಾನು ಒಂದು ಮಾತು ಗಟ್ಟಿಯಾಗಿ ಆಡಲಾರೆನೇ? ಅವನು ವಾಕ್ಯ ಕಟ್ಟಿಕೊಂಡ: ‘ಮರೂಕ್ಲಮ್ಮ, ನಾನು ಸೆವಾಸ್ತಿ ಅಂತ ಹೆಸರಿಡ್ತೀನಿ, ನನ್ನನ್ನ ಕ್ಷಮಿಸಿ.’ ಮೂರು ಸಲ ಬಾಯಿಪಾಠ ಮಾಡಿದ. ಗಡಿಯಾರ ನೋಡಿಕೊಂಡ. ನಿಧಾನವಾಗಿ ಹೇಳಿದರೂ ಹತ್ತು ಸೆಕೆಂಡು ಸಾಕು. ಐದು ನಿಮಿಷದಲ್ಲಿ ಹತ್ತು ಸೆಕೆಂಡು ಸಿಕ್ಕದೇ?

ಐದಕ್ಕೆ ಗಾಳಿ ಇದ್ದಕ್ಕಿದ್ದಂತೆ ನಿಂತಿತು. ವಿಮಾನ ಎದ್ದಿತು.

“ಮರೂಕ್ಲಮ್ಮ,” ಎಂದ ಅವನು.

“ಏನು?”

“ನಾನು…”

“ಬೆಲ್ಟು ಹಾಕ್ಕೊಂಡಿದ್ದೀಯ?”

“ಹಾಕ್ಕೊಂಡೆ. ಮರೂಕ್ಲಮ್ಮ, ನಾನು…”

ಗಗನಸಖಿ ಸ್ವಾಗತ ಶುರುಮಾಡಿದಳು. ಅವಳಿಗೆ ಅಡ್ಡ ಮಾತಾಡುವುದು ಅಸಭ್ಯ. ಅವಳು ಮುಗಿಸುವವರೆಗೆ ಕಾದ. ಮುಗಿಯಿತು. ಅವನು ಉಸಿರೆಳೆದುಕೊಂಡು “ಮರೂಕ್ಲಮ್ಮ, ನಾನು ಸೆ…” ಎನ್ನುವಷ್ಟರಲ್ಲಿ ಚಕ್ರ ನೆಲಕ್ಕೆ ತಾಕಿ ಮೇಣದಬತ್ತಿ ಎರಡು ತುಂಡಾಯಿತು. ಕಾರ್ಪಥೋಸ್ ಬಂದಿತ್ತು. ಪೈಲಟನ ಕೈಚಳಕಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿದರು.

ಟ್ಯಾಕ್ಸಿಯವನು ತುಂಡು ಮೇಣದಬತ್ತಿ ನೋಡಿಯೇ ಗುರುತು ಹಿಡಿದ.

“ನಿಕಿತಾಸರ ಮನೇದಾ? ಜ್ಞಾನಸ್ನಾನ ಮೂರೂವರೆಗೇ ಆಗೋಯ್ತಲ್ಲ. ಪಾದ್ರಿಗಳಿಗೆ ಬೇರೆ ಊರಲ್ಲಿ ಮದುವೆ ಇತ್ತು, ಇನ್ನು ಕಾಯೋಕಾಗಲ್ಲ ಅಂದ್ರು. ನಿಮ್ಮ ಫೋನೂ ಸಿಗಲಿಲ್ಲ. ಇಲ್ಲೇ ಇದ್ದೋರು ಒಬ್ರು ನಿಂತು ಮುಗಿಸಿದ್ರು.”

ಫ್ರಂಗೂಲಿಸನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಮುಗಿಯಿತು. ಯಾರೋ ಪುಣ್ಯಾತ್ಮ ಆ ನೀರಿನ ಮುಂದೆ ನಿಂತು, ಇಬ್ಬರಲ್ಲಿ ಒಬ್ಬಳ ಹೆಸರು ಹೇಳಿ, ಇನ್ನೊಬ್ಬಳ ಶಾಪ ಹೊತ್ತುಕೊಂಡಿದ್ದಾನೆ. ತನ್ನ ತಪ್ಪೇನೂ ಇಲ್ಲ. ಗಾಳಿಯ ತಪ್ಪು. ಅವನಿಗೆ ಆ ಪುಣ್ಯಾತ್ಮನ ಮೇಲೆ ಕನಿಕರವೂ ಹುಟ್ಟಿತು.

“ಯಾವ ಹೆಸರು?” ಮರೂಕ್ಲಮ್ಮ ಹಿಂದಿನ ಸೀಟಿನಿಂದ ಮುಂದಕ್ಕೆ ಬಗ್ಗಿದಳು.

ಟ್ಯಾಕ್ಸಿಯವನು ಕನ್ನಡಿಯಲ್ಲಿ ಇಬ್ಬರನ್ನೂ ನೋಡಿದ. “ನಾನು ಹೇಳಲ್ಲಮ್ಮ. ಇವತ್ತು ಆ ಹೆಸರಿನ ವಿಷಯ ಎತ್ತಿದೋರೆಲ್ಲ ಬೈಸ್ಕೊಂಡಿದ್ದಾರೆ.”

“ಅಂದ್ರೆ ಅವಳದ್ದೇ,” ಎಂದಳು ಮರೂಕ್ಲಮ್ಮ. ಊಟದ ಮನೆ ಬರುವವರೆಗೆ ಅವಳು ಉಗುರು ಕಚ್ಚುತ್ತಿದ್ದಳು. ಫ್ರಂಗೂಲಿಸ್ ಮೆಲ್ಲಗೆ ಸಿಳ್ಳೆ ಹಾಕುತ್ತಿದ್ದ.

ಮೆನೆತೆಸ್ಸಿನ ಊಟದ ಮನೆಯಲ್ಲಿ ನೂರು ಜನವಿದ್ದರು. ಇವರು ಕಾಲಿಟ್ಟೊಡನೆ ವಾದ್ಯದವನು ಕಮಾನು ಕೆಳಗಿಟ್ಟ. ಉದ್ದ ಮೇಜಿನ ತುದಿಯಲ್ಲಿ ಸೆವಾಸ್ತಮ್ಮ ಕೈಕಟ್ಟಿ ಕುಳಿತಿದ್ದಳು. ಗೆದ್ದವಳ ಮುಖವಲ್ಲ ಅದು. ಮರೂಕ್ಲಮ್ಮ ಅದನ್ನು ನೋಡಿ ಅರಳಿದಳು. ನಾಲ್ಕು ವರ್ಷದ ಮೌನ ಮುರಿದು ನೇರ ಅವಳನ್ನೇ ಕೇಳಿದಳು.

“ಹಾಗಾದ್ರೆ ನಂದಾ?”

“ನಿಂದೂ ಅಲ್ಲ, ನಂದೂ ಅಲ್ಲ,” ಎಂದಳು ಸೆವಾಸ್ತಮ್ಮ. “ಏನು ಅಂತ ಇವನನ್ನೇ ಕೇಳು.”

ಫ್ರಂಗೂಲಿಸ್ ತಬ್ಬಿಬ್ಬಾಗಿ ನಿಕಿತಾಸನತ್ತ ನೋಡಿದ. ನಿಕಿತಾಸ್ ಗಡ್ಡ ಕೆರೆದುಕೊಂಡು ನೆಲ ನೋಡುತ್ತಾ ಹೇಳಿದ: “ಫ್ರಂಗೂಲಾ.”

“ಏನು?”

“ಹೆಸರು ಕಣೋ. ಫ್ರಂಗೂಲಾ. ನಿನ್ನ ಹೆಸರು.”

ನೀಲಿ ಬಟ್ಟೆಯ ಥೆಮೆಲಿನಾ ಕೂಸನ್ನೆತ್ತಿಕೊಂಡು ಮುಂದೆ ಬಂದಳು. ಬಿಸಿಲಿಗೆ ಮೂಗು ಕೆಂಪಾಗಿತ್ತು. “ಧರ್ಮತಾಯಿಯಾಗಿ ನಾನೇ ನಿಂತೆ. ಅಕ್ಕ ನಿಲ್ಲು ಅಂದ್ಲು,” ಎಂದಳು. “ಪಾದ್ರಿಗಳು ಮೂರು ಸಲ ಕೇಳಿದ್ರು. ಈ ಕಡೆ ಅಮ್ಮ ಕಣ್ಣು ಬಿಟ್ಕೊಂಡು ಕೂತಿದ್ಲು, ಆ ಕಡೆ ಭಾವನ ಕಡೆಯೋರು. ನಾನು ಯಾರನ್ನ ನೋಡ್ಲಿ? ಬೆಳಿಗ್ಗೆಯಿಂದ ಈ ಕೂಸಿಗೋಸ್ಕರ ಆಕಾಶದಲ್ಲಿ ಅಲೀತಿರೋರು ನೀವು. ಇಲ್ಲಿ ನಿಂತ್ಕೋಬೇಕಾಗಿದ್ದೋರೂ ನೀವೇ. ಅದಕ್ಕೇ ನಿಮ್ಮ ಹೆಸರು ಹೇಳಿಬಿಟ್ಟೆ.”

ಅಂಚೆ ಚೀಲದ ವಿಷಯ ಬಿಟ್ಟು ಅವಳು ಅವನೊಡನೆ ಇಷ್ಟು ಉದ್ದ ಮಾತಾಡಿದ್ದು ಏಳು ವರ್ಷದಲ್ಲಿ ಇದೇ ಮೊದಲು. ಅವನ ಕಣ್ಣು ತುಂಬಿ ಬಂತು.

“ನೋಡಿದ್ರಾ ನಾಟಕ?” ಸೆವಾಸ್ತಮ್ಮ ಎದ್ದು ನಿಂತಳು. “ಇಬ್ರೂ ಮಾತಾಡ್ಕೊಂಡೇ ಮಾಡಿದ್ದು. ನನಗೆ ಹೌದು ಅಂತ ಹೇಳೋದು, ಬರೋದಿಲ್ಲ ಅಂತ ಎಲ್ಲೋ ಕೂತ್ಕೊಳ್ಳೋದು, ಇವಳ ಬಾಯಲ್ಲಿ ತನ್ನ ಹೆಸರು ಹೇಳಿಸೋದು. ಇಪ್ಪತ್ತು ಚಿಲ್ಲರೆ ಕಿಲೋಮೀಟರು, ಐದು ನಿಮಿಷದ ದಾರಿ. ಅದಕ್ಕೆ ಏಳು ಗಂಟೆ ಹಿಡೀತು ಅಂದ್ರೆ ನಂಬೋಕೆ ನಾನೇನು ಅಥೆನ್ಸಿನೋಳಾ?”

“ಗಾಳಿ, ಸೆವಾಸ್ತಮ್ಮ. ಸತ್ಯವಾಗ್ಲೂ ಗಾಳಿ. ಮರೂಕ್ಲಮ್ಮ ಜೊತೇಲೇ ಇದ್ರು, ಕೇಳಿ ಬೇಕಾದ್ರೆ.”

ಮರೂಕ್ಲಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ನನ್ನ ಹತ್ರಾನೂ ಹೌದು ಅಂದಿದ್ದ,” ಎಂದಳು ನಿಧಾನವಾಗಿ. “ಮತ್ತೆ ನಿನ್ನ ಹತ್ರ ಯಾವಾಗ ಅಂದ?”

“ಅಂದಿದ್ದ. ಇವತ್ತೂ ಅಂದ. ರೋಡ್ಸ್‌ನಿಂದ, ಫೋನಲ್ಲಿ.”

“ರೋಡ್ಸ್‌ನಿಂದಾನಾ? ಆ ‘ಹೌದು’ ನನಗಲ್ವಾ ಹೇಳಿದ್ದು?” ಮರೂಕ್ಲಮ್ಮನ ದನಿ ಏರಿತು. “ಈಗ ಗೊತ್ತಾಯ್ತು. ಸೆವಾಸ್ತಿ, ಈ ಕಿವೀಲಿ ಕೇಳಿದ್ದೀನಿ ನಾನು. ವಿಮಾನ ಇಳೀಬಾರ್ದು ಅಂತ ಸಂತ ಮಾಮಾಸನಿಗೆ ಹರಕೆ ಹೊರ್ತಿದ್ದ.”

ಊಟದ ಮನೆಯಲ್ಲಿ ಗುಜುಗುಜು ಎದ್ದಿತು. ಇಬ್ಬರು ಅಜ್ಜಿಯರು ಈಗ ಮೇಜಿನ ಒಂದೇ ಬದಿಯಲ್ಲಿ ನಿಂತಿದ್ದರು. ಸೆವಾಸ್ತಮ್ಮ ಮರೂಕ್ಲಮ್ಮನಿಗೆ ಕುರ್ಚಿ ಎಳೆದುಕೊಟ್ಟಳು.

“ಆಯ್ತು,” ಎಂದಳು ಸೆವಾಸ್ತಮ್ಮ. “ನಾನು ಅನ್ಯಾಯ ಮಾಡೋಳಲ್ಲ. ಒಂದೇ ಮಾತು ಕೇಳ್ತೀನಿ. ಇವಳು ಮಾಡಿದ್ದು ತಪ್ಪು, ನನಗಿದು ಇಷ್ಟ ಇಲ್ಲ, ಅಂತ ಎಲ್ಲರ ಮುಂದೆ ಹೇಳು. ಆಗ ಎಲ್ಲಾ ಮರೆತುಬಿಡ್ತೀನಿ. ಮದುವೆ ಮಾತು ಇವತ್ತೇ ಆಡೋಣ.”

ಸುಲಭದ ಮಾತು. ‘ಇಷ್ಟವಿಲ್ಲ’ ಎಂದರೆ ಸಾಕು. ಫ್ರಂಗೂಲಿಸ್ ಥೆಮೆಲಿನಾಳನ್ನು ನೋಡಿದ. ಅವಳು ಕೂಸಿನ ಟೋಪಿ ಸರಿಮಾಡುತ್ತಾ, ಯಾರಿಗೂ ಕೇಳಿಸದಂತೆ, ಆದರೆ ಆ ನಿಶ್ಶಬ್ದದಲ್ಲಿ ಎಲ್ಲರಿಗೂ ಕೇಳಿಸುವಂತೆ ಕೇಳಿದಳು.

“ನಿಮಗೆ ಖುಷಿ ಆಗ್ಲಿಲ್ವಾ?”

ಇಲ್ಲ ಎನ್ನಲು ಅವನಿಗೆ ಮೊದಲೇ ಬರುತ್ತಿರಲಿಲ್ಲ. ಬಂದಿದ್ದರೂ ಈ ಒಂದು ಪ್ರಶ್ನೆಗೆ ಹೇಳುತ್ತಿರಲಿಲ್ಲ.

“ಆಯ್ತು,” ಎಂದ. “ತುಂಬಾ ಆಯ್ತು.”

“ಒಪ್ಕೊಂಡ,” ಎಂದಳು ಸೆವಾಸ್ತಮ್ಮ, ನೂರು ಜನರಿಗೆ ಕೇಳುವಂತೆ. “ಥೆಮೆಲಿನಾ, ಒಳಗೆ ನಡಿ. ನಾನು ಬದುಕಿರೋವರೆಗೆ ಈ ಮನುಷ್ಯ ನನ್ನ ಹೊಸ್ತಿಲು ತುಳಿಯೋದು ಬೇಡ.”

“ನಾನು ನಾಳೆ ಹೋದೋಳೇ ಮಾಳಿಗೆಯಿಂದ ಅವನ ಪೆಟ್ಟಿಗೆ ಇಳಿಸ್ತೀನಿ,” ಎಂದಳು ಮರೂಕ್ಲಮ್ಮ. “ನೀನೂ ಬಾ ಸೆವಾಸ್ತಿ, ನಾಲ್ಕು ದಿನ ಇದ್ದು ಹೋಗು. ಕೋಣೆ ಖಾಲಿ ಇರತ್ತೆ.”

ಥೆಮೆಲಿನಾ ತಾಯಿಯ ಮಾತು ಮೀರುವವಳಲ್ಲ. ಕೂಸನ್ನು ಫ್ರಂಗೂಲಿಸನ ಕೈಗಿಟ್ಟು, ಒಂದು ಕ್ಷಣ ಅಲ್ಲೇ ನಿಂತು, ಒಳಗೆ ಹೋದಳು. ಹೊಸ ಕೈ, ಹೊಸ ಮುಖ. ಕೂಸು ಬಾಯಿ ಸೊಟ್ಟ ಮಾಡಿತು, ಆಮೇಲೆ ಊರಿಗೆಲ್ಲ ಕೇಳುವಂತೆ ಅಳತೊಡಗಿತು. ಎತ್ತಿಕೊಳ್ಳಲು ಯಾರೂ ಮುಂದೆ ಬರಲಿಲ್ಲ. ಕೂಸು ಅತ್ತರೆ ಹೆಸರು ಹಿಡಿದು ಕರೆದು ಸಮಾಧಾನ ಮಾಡುವುದು ಎಲ್ಲ ಕಡೆಯ ರೂಢಿ. ನೂರು ಜನ ಕಿವಿ ನಿಮಿರಿಸಿ ಕಾದರು. ಮರೂಕ್ಲಮ್ಮ ಕಾದಳು, ಸೆವಾಸ್ತಮ್ಮ ಕಾದಳು. ಫ್ರಂಗೂಲಿಸ್ ಬಾಯಿ ತೆರೆದ. ತನ್ನ ಹೆಸರನ್ನು ತಾನೇ ಹೇಗೆ ಕೂಗಿಕೊಳ್ಳುವುದೆಂದು ತಿಳಿಯದೆ ಮುಚ್ಚಿದ. ಮತ್ತೆ ತೆರೆದ.

“ಪಾಪೂ,” ಎಂದ ಕೊನೆಗೆ. “ಅಳಬೇಡ ಪಾಪೂ.”

ಕಾಸೋಸಿನಲ್ಲೂ ಕಾರ್ಪಥೋಸಿನಲ್ಲೂ ಆ ಹುಡುಗಿಯನ್ನು ಇವತ್ತಿಗೂ ಹಾಗೆಯೇ ಕರೆಯುತ್ತಾರೆ.